ತಮಿಳರಸಿ ಅಕ್ಕನ ಹನ್ನೆರಡು ಬಿಟ್

ತಮಿಳುನಾಡಿನ ಕಂಬಂ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಮಿಳರಸಿ ಅಕ್ಕನ ಡಿಟಿಪಿ ಅಂಗಡಿ ಇದೆ. ಮನೆಯಲ್ಲಿ ಅವರು ಆಡುವುದು ನಮ್ಮ ಕನ್ನಡವನ್ನೇ. ಹಾಗಿದ್ದೂ ಆ ತಮಿಳು ಹೆಸರು ಬಂದದ್ದು ಶಾಲೆಗೆ ಸೇರಿದ ದಿನ. ಸೇರಿಸಲು ಹೋದವರು ಅವರ ಸೋದರತ್ತೆ ಮೂಕಮ್ಮಾಳ್. ಮಗುವಿನ ಹೆಸರೇನು ಎಂದು ಮೇಷ್ಟ್ರು ಕೇಳಿದರು. ಮನೆಯಲ್ಲಿ ಕರೆಯುತ್ತಿದ್ದುದು ‘ಗುಂಡಿ’ ಎಂದು. ಅದನ್ನು ಹೇಳಲು ನಾಚಿ ಮೂಕಮ್ಮಾಳ್ ಸುಮ್ಮನೆ ನಿಂತರು. ಮೇಷ್ಟ್ರು ತಮಗೆ ಇಷ್ಟವಾದ ಹೆಸರನ್ನು ಬರೆದುಕೊಂಡರು.

ಅತ್ತೆ, ಸೊಸೆ ಇಬ್ಬರೇ ಇರುವುದು. ಅಂಗಡಿಯ ಮೇಲೆಯೇ ಮನೆ. ಅಕ್ಕ ಟೈಪ್‌ರೈಟಿಂಗ್ ಕಲಿತು, ಆಮೇಲೆ ಕಂಪ್ಯೂಟರ್ ಕಲಿತು, ಮದುವೆ ಪತ್ರಿಕೆ, ಕಿವಿ ಚುಚ್ಚುವ ಪತ್ರಿಕೆ, ದ್ರಾಕ್ಷಿ ಪೆಟ್ಟಿಗೆಯ ಲೇಬಲ್ ಎಲ್ಲ ಮಾಡುತ್ತಾರೆ. ಪತ್ರಿಕೆ ಮಾಡಿಸಲು ಬಂದ ಹೆಂಗಸರು, “ಊರವರದ್ದೆಲ್ಲ ಅಚ್ಚಾಕ್ತೀಯ, ನಿಂದು ಯಾವಾಗ?” ಎಂದು ಕೇಳಿದರೆ, “ಪ್ರೂಫ್ ನೋಡ್ತಾ ಇವ್ನಿ ಅತ್ತಿಗೆ, ತಪ್ಪು ಜಾಸ್ತಿ ಐತೆ” ಎನ್ನುತ್ತಾರೆ. ಕೇಳಿದವರು ನಕ್ಕು ಮಾತು ಬದಲಿಸುತ್ತಾರೆ.

ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವುದು ಬಿಟ್ ನೋಟೀಸು. ಹೊಸ ಬಟ್ಟೆ ಅಂಗಡಿ ತೆರೆದರೆ, ಟ್ಯೂಷನ್ ಶುರುವಾದರೆ ಬೀದಿಯಲ್ಲಿ ಕೈಗೆ ಕೊಡುತ್ತಾರಲ್ಲ, ಆ ಸಣ್ಣ ಕಾಗದ. ಡೆಮ್ಮಿ ಎಂಬ ಅಳತೆಯ ಒಂದು ಹಾಳೆಯನ್ನು ಎಂಟು ತುಂಡು ಮಾಡಿದರೆ ಎಂಟು ಬಿಟ್ ನೋಟೀಸು. ನಮ್ಮ ಕಡೆ ಅದನ್ನು ಬರೀ ‘ಬಿಟ್’ ಎಂದೇ ಹೇಳುವುದು. ಈ ಮಾತು ನೆನಪಿನಲ್ಲಿರಲಿ. ಅಕ್ಕ ತಪ್ಪಿದ್ದು ಇಲ್ಲಿಯೇ.

ದೊಡ್ಡ ಪೋಸ್ಟರು ಅಚ್ಚಾಗುವ ಮೊದಲು ತೆಗೆಯಬೇಕಾದ ಫಿಲ್ಮ್ ನಮ್ಮ ಊರಿನಲ್ಲಿ ಆಗುವುದಿಲ್ಲ. ಫೈಲನ್ನು ಜಿಪ್ ಡಿಸ್ಕು ಎಂಬ ಚಪ್ಪಟೆ ಬಿಲ್ಲೆಗೆ ತುಂಬಿ ದಿಂಡಿಗಲ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಅಲ್ಲಿ ಫಿಲ್ಮ್ ತೆಗೆಯುವ ಗಣೇಶನ್ ಬಂದು ಇಸಿದುಕೊಳ್ಳುತ್ತಾರೆ. ಆ ಡಿಸ್ಕನ್ನು ಹಾಕುವ ಅಕ್ಕನ ಜಿಪ್ ಡ್ರೈವು ಕಂಪ್ಯೂಟರಿನ ಹಿಂದಿರುವ ಪ್ರಿಂಟರಿನ ತೂತಿಗೆ ಸಿಕ್ಕಿಸುವಂಥದ್ದು. ಪ್ರಿಂಟರನ್ನು ಕಿತ್ತು ಅದನ್ನು ಸಿಕ್ಕಿಸಿ, ತುಂಬಿದ ಮೇಲೆ ಅದನ್ನು ಕಿತ್ತು ಪ್ರಿಂಟರನ್ನು ಸಿಕ್ಕಿಸಬೇಕು. ತುಂಬುವುದೂ ನಿಧಾನ. ಒಮ್ಮೆ ಹನುಮಂತನಪಟ್ಟಿ ದ್ರಾಕ್ಷಿ ಬೆಳೆಗಾರರ ಪೋಸ್ಟರಿಗೆ ಕೊನೆ ಗಳಿಗೆಯಲ್ಲಿ ಒಂದು ಹೆಸರು ಬದಲಾಯಿತು. ಚಿತ್ರವೂ ಅಕ್ಷರವೂ ಒಂದೇ ಫೈಲಿನಲ್ಲಿರುವುದರಿಂದ ಒಂದಕ್ಷರ ಬದಲಾದರೂ ಪೂರ್ತಿ ಮತ್ತೆ ತುಂಬಬೇಕು. ಅರ್ಧ ತುಂಬುವಾಗಲೇ ಬಸ್ಸು ಹೊರಟುಹೋಯಿತು. ಆ ಕೆಲಸ ತೇನಿಯ ಪ್ರೆಸ್ಸಿಗೆ ಹೋಯಿತು. ಕಣಿವೆಯಲ್ಲೆಲ್ಲ ಮಾತು ಹಬ್ಬಿತು, ತಮಿಳರಸಿ ಪತ್ರಿಕೆಗೆ ಸರಿ, ಪೋಸ್ಟರಿಗೆ ಸರಿಯಲ್ಲ ಎಂದು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ನಮ್ಮವರ ದೇವರಾವಿನ ಮಂದೆಯ ಪಟ್ಟದ ಆವು ಮುದಿಯಾಗಿ ತೀರಿಕೊಂಡಿತು. ದೇವರಾವು ಅಂದರೆ ದೇವರಿಗೆ ಬಿಟ್ಟ ದನಗಳು. ಅವನ್ನು ನೊಗಕ್ಕೆ ಹೂಡುವುದಿಲ್ಲ. ಮಂದೆಗೆ ರಾಜನಂತೆ ಇರುವ ಹೋರಿಯೇ ಪಟ್ಟದ ಆವು. ಅದು ತೀರಿಕೊಂಡರೆ ಹೋರಿಗಳ ಮುಂದೆ ಕಬ್ಬು ಇಡುತ್ತಾರೆ. ಯಾವುದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಆ ದಿನಕ್ಕೆ ಊರೂರಿಗೆ ಪೋಸ್ಟರು ಬೇಕಾಗಿತ್ತು. ಮಂದೆಯ ಹಿರಿಯರು ಕೊಂಬೈನ ಅಯ್ಯಾವು ಗೌಡರು. ಅವರು ತೇನಿಗೆ ಹೋಗುವ ದಾರಿಯಲ್ಲಿ ಅಂಗಡಿಯ ಬಾಗಿಲಲ್ಲಿ ನಿಂತರು.

“ಏನ್ ಗುಂಡಿ, ನಮ್ಮ ಪೋಸ್ಟರು ನೀ ಮಾಡ್ತೀಯಾ, ಇಲ್ಲಾ ಬಸ್ಸಿಗೆ ಟಾಟಾ ಮಾಡ್ತೀಯಾ?”

ಒಳಗಿದ್ದವರೆಲ್ಲ ನಕ್ಕರು. ಅಕ್ಕನ ಮುಖ ಕೆಂಪಾಯಿತು. ಊರಿನ ಎಲ್ಲರ ಕೆಲಸ ಮಾಡಿದ್ದರೂ ನಮ್ಮವರ ಮಂದೆಯ ಕೆಲಸ ಒಮ್ಮೆಯೂ ಅವರಿಗೆ ಸಿಕ್ಕಿರಲಿಲ್ಲ.

“ಮಾವ, ಬರೋ ವೆಳ್ಳಿಕ್ಕಿಳಮೆ ಬನ್ನಿ. ಬೇರೆ ಡ್ರೈವು ತರಿಸ್ತೀನಿ. ನಿಮ್ಮ ಕಣ್ಣೆದುರೇ ತುಂಬಿ ತೋರಿಸ್ತೀನಿ. ಆಮೇಲೆ ಮನಸ್ಸಿದ್ರೆ ಕೊಡಿ.”

ಗಣೇಶನ್ ಪಳನಿ ಕಡೆಯ ನಮ್ಮವರೇ. ದಿಂಡಿಗಲ್‌ನಿಂದ ಎರಡು ಬಗೆಯ ಜಿಪ್ ಡ್ರೈವು ತಂದರು. ಒಂದು ಸ್ಕಸಿ. ಅದಕ್ಕೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೆ ಒಂದು ಕಾರ್ಡು ಕೂರಿಸಬೇಕು. ಅದನ್ನು ಅವರೇ ಕೂರಿಸಿ ದಪ್ಪ ಕೇಬಲನ್ನು ಸ್ಕ್ರೂ ಹಾಕಿ ಬಿಗಿದರು. ಇನ್ನೊಂದು ಹೊಸದಾಗಿ ಬಂದಿದ್ದ ಯುಎಸ್‌ಬಿ. ತೆಳ್ಳಗಿನ ವೈರು, ಸ್ಕ್ರೂ ಇಲ್ಲ. ಎರಡನ್ನೂ ನೋಡಿ ಒಂದನ್ನು ಇಟ್ಟುಕೊಂಡು ಒಂದನ್ನು ವಾಪಸ್ ಕಳಿಸು ಎಂದು ಹೇಳಿ ಹೋದರು.

ಅಕ್ಕ ಎರಡು ಡಬ್ಬಗಳನ್ನೂ ಓದಿದರು. ಸ್ಕಸಿ ಡಬ್ಬದ ಮೇಲೆ ಸೆಕೆಂಡಿಗೆ ಐದು ಮೆಗಾಬೈಟು ಎಂದಿತ್ತು. ಯುಎಸ್‌ಬಿ ಡಬ್ಬದ ಮೇಲೆ ಹನ್ನೆರಡು ಮೆಗಾಬಿಟ್ ಎಂದಿತ್ತು. ಬಿಟ್ ಎಂದ ಕೂಡಲೇ ಅಕ್ಕನಿಗೆ ಅರ್ಥವಾಯಿತು. ಅಂದರೆ ಅರ್ಥವಾಯಿತು ಎಂದುಕೊಂಡರು. ಒಳಗೆ ಇರುವಾಗ ಬೈಟು, ಅಚ್ಚಾಗಿ ಹೊರಗೆ ಹೋಗುವಾಗ ಬಿಟ್, ಎರಡೂ ಒಂದೇ ಎಂದು. ಐದಕ್ಕಿಂತ ಹನ್ನೆರಡು ದೊಡ್ಡದು. ತುಂಬಿ ತೋರಿಸಲು ಇಟ್ಟುಕೊಂಡಿದ್ದ ಹಳೆಯ ದ್ರಾಕ್ಷಿ ಪೋಸ್ಟರಿನ ಫೈಲು ಎಂಬತ್ತನಾಲ್ಕು ಮೆಗಾಬೈಟು. ಹನ್ನೆರಡರಿಂದ ಭಾಗಿಸಿದರೆ ಏಳು ಸೆಕೆಂಡು.

ಹೇಳಿದ ವೆಳ್ಳಿಕ್ಕಿಳಮೆ, ಅಂದರೆ ಶುಕ್ರವಾರ, ಅಯ್ಯಾವು ಗೌಡರು ಬಂದು ಕುರ್ಚಿಯಲ್ಲಿ ಕೂತರು. ಮೂಕಮ್ಮಾಳ್ ಶುಂಠಿ ಹಾಕಿದ ಸುಕ್ಕು ಕಾಪಿ ತಂದುಕೊಟ್ಟು, ಹಳೆಯದೂ ಸೇರಿ ಮೂರು ಡ್ರೈವುಗಳನ್ನೂ ನೋಡಿದರು.

“ಇದೇನು ಗುಂಡಿ?”

“ಸ್ಕಸಿ ಅತ್ತೆ.”

“ಸುಕ್ಕುಸಿಯಾ? ಕಾಪಿ ಕುಡಿಯೋದಾ ಅದು?”

“ಅಯ್ಯೋ ಅತ್ತೆ, ಸುಮ್ಮಾ ಇರಿ.”

“ನಾ ಸುಮ್ಮನೇ ಇರ್ತೀನಿ. ಆದ್ರೆ ಒಂದು ಹೇಳ್ತೀನಿ ಕೇಳು. ಮೂರಕ್ಕೂ ಒಂದೇ ಕಬ್ಬು ಹಾಕು. ಒಂದಕ್ಕೆ ಎಳೇದು, ಒಂದಕ್ಕೆ ಬಲಿತದ್ದು ಹಾಕಿದ್ರೆ ನ್ಯಾಯ ಇಲ್ಲೆ. ಯಾವುದು ಬ್ಯಾಗ ತಿನ್ನುತ್ತೋ ಅದಕ್ಕೇ ಪಟ್ಟ.”

ಗೌಡರು ತೊಡೆ ತಟ್ಟಿ ನಕ್ಕರು. ಅಕ್ಕನೂ ಒಪ್ಪಿದರು. ಒಂದೇ ಫೈಲು, ಒಂದೇ ಡಿಸ್ಕು. ಒಂದರಲ್ಲಿ ತುಂಬಿ, ಅಳಿಸಿ, ಇನ್ನೊಂದರಲ್ಲಿ ತುಂಬುವುದು ಎಂದಾಯಿತು. ಮೊದಲು ಯುಎಸ್‌ಬಿ.

“ಮಾವ, ನೀವು ಏಳು ಎಣಿಸೋದ್ರಲ್ಲಿ ಮುಗೀತದೆ” ಎಂದರು ಅಕ್ಕ.

ಗೌಡರು ಕಣದಲ್ಲಿ ಭತ್ತ ಅಳೆಯುವ ಹಾಗೆಯೇ ಎಣಿಸಿದರು. ಒಂದು ಎನ್ನುವ ಬದಲು ಲಾಭ ಎನ್ನಬೇಕು. “ಲಾಭ, ಎರಡು, ಮೂರು...” ಏಳಾಯಿತು. ಪರದೆಯ ಮೇಲಿನ ನೀಲಿ ಪಟ್ಟಿ ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ. ಇಪ್ಪತ್ತಾಯಿತು. ನಲವತ್ತಾಯಿತು. ಗೌಡರು ಬಿಡದೆ ಎಣಿಸುತ್ತಲೇ ಹೋದರು. ಅಕ್ಕ ಮೌಸನ್ನು ಹಿಡಿದ ಕೈ ತೆಗೆಯಲಿಲ್ಲ. ನೂರು ದಾಟಿದ ಮೇಲೆ ಮುಗಿಯಿತು.

“ನಿನ್ನ ಏಳು ಬಾಳ ಉದ್ದ ಐತೆ ಕಣೇ ಪುಳ್ಳೆ” ಎಂದರು ಗೌಡರು. “ತೇನಿಯವರ ಏಳು ಎಷ್ಟುದ್ದ ಅಂತ ಕೇಳಿ ಬತ್ತೀನಿ.” ಟವೆಲ್ ಕೊಡವಿ ಎದ್ದರು.

“ಕೊಂಜ ಹೊತ್ತು ಕೂತ್ಕೋ ಅಯ್ಯಾವು” ಎಂದರು ಮೂಕಮ್ಮಾಳ್. “ಇನ್ನೂ ಎರಡು ಹೋರಿ ನಿಂತವೆ. ಅವಕ್ಕೆ ಕಬ್ಬು ತೋರಿಸದೆ ಹೋದ್ರೆ ಪಾವಂ ಅಲ್ವಾ?”

ಗೌಡರು ಕೂತರು. ಸ್ಕಸಿ ಅವರ ಎಣಿಕೆ ತೊಂಬತ್ತು ಮುಟ್ಟುವ ಮೊದಲೇ ಮುಗಿಸಿತು. ಪ್ರಿಂಟರಿನ ತೂತಿನದು ಇನ್ನೂರಾದರೂ ಅರ್ಧ ದಾಟಿರಲಿಲ್ಲ. ಮುನ್ನೂರಕ್ಕೆ ಗೌಡರ ಬಾಯಿ ಒಣಗಿತು. ಮತ್ತೊಂದು ಲೋಟ ಕಾಪಿ ಕುಡಿದು ಮುಗಿಸಿದ ಮೇಲೆಯೇ ಅದೂ ಮುಗಿದದ್ದು.

ಅಷ್ಟರಲ್ಲಿ ಅಕ್ಕ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿ ಗಣೇಶನ್‌ಗೆ ಫೋನ್ ಮಾಡಿದ್ದರು.

“ಹನ್ನೆರಡು ಅಂತ ಬರ್ದವ್ರಲ್ಲ ಅಣ್ಣಾ, ಒಂದೂ ಇಲ್ಲೆ!”

“ಅದು ಬಿಟ್ ಅಲ್ವೇನಮ್ಮಾ. ಎಂಟು ಬಿಟ್ ಸೇರಿದ್ರೆ ಒಂದು ಬೈಟು. ಫೈಲು ಅಳೆಯೋದು ಬೈಟಲ್ಲಿ.”

“ಎಷ್ಟು? ಎಂಟಾ?”

“ಎಂಟು. ಹನ್ನೆರಡು ಬಿಟ್ ಅಂದ್ರೆ ಒಂದೂವರೆ ಬೈಟು ಅಷ್ಟೇ. ಅದೂ ವೈರಿನ ಲೆಕ್ಕ. ಒಳಗಿನ ಡಿಸ್ಕು ಅದರ ಪಾಡಿಗೆ ಸುತ್ತುತ್ತೆ, ಅದು ತಗೊಳ್ಳೋ ಅಷ್ಟೇ ತಗೊಳ್ಳೋದು. ಅದಕ್ಕೇ ಸ್ಕಸಿನೂ ಡಬ್ಬದಲ್ಲಿ ಹೇಳೋ ಅಷ್ಟು ಓಡಲ್ಲ.”

ಅಕ್ಕ ನಗುತ್ತಲೇ ಅಂಗಡಿಗೆ ಬಂದರು. ಬೇರೆಯವರಾಗಿದ್ದರೆ ಕಂಪ್ಯೂಟರ್ ಸರಿಯಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಅಕ್ಕ ಒಂದು ಡೆಮ್ಮಿ ಹಾಳೆ ತೆಗೆದು ಗೌಡರ ಮುಂದೆ ಹಿಡಿದರು. ಒಮ್ಮೆ ಮಡಿಸಿದರು, ಎರಡಾಯಿತು. ಮತ್ತೊಮ್ಮೆ, ನಾಲ್ಕು. ಮತ್ತೊಮ್ಮೆ, ಎಂಟು.

“ಮಾವ, ಇದು ಬಿಟ್. ಇಂಥಾವು ಎಂಟು ಸೇರಿದ್ರೆ ಒಂದು ಹಾಳೆ. ನಾನು ಹನ್ನೆರಡು ಬಿಟ್ಟನ್ನ ಹನ್ನೆರಡು ಹಾಳೆ ಅಂತ ಓದ್ಕೊಂಡೆ. ದಿನಾ ಕತ್ತರಿಸೋಳು ನಾನೇ, ನನಗೇ ಹೊಳೀಲಿಲ್ಲೆ.”

ಗೌಡರು ಹಾಳೆಯನ್ನು ಬಿಚ್ಚಿ, ಮಡಿಸಿದ ಗೆರೆಗಳ ಮೇಲೆ ಬೆರಳಿಟ್ಟು ಎಂಟು ಮನೆಗಳನ್ನೂ ಎಣಿಸಿದರು. ಲಾಭದಿಂದಲೇ ಎಣಿಸಿದರು.

“ಸರಿ. ಈಗ ಯಾವುದಕ್ಕೆ ಪಟ್ಟ? ಸುಕ್ಕುಸಿಗೆ ತಾನೇ?”

“ಇಲ್ಲೆ” ಎಂದರು ಮೂಕಮ್ಮಾಳ್. ಅವರು ಅಷ್ಟು ಹೊತ್ತೂ ಸ್ಕಸಿಯ ಕೇಬಲನ್ನು ನೋಡುತ್ತಿದ್ದರು. “ಮುಂದೆ ಬಂದದ್ದು ಅದೇ. ಆದ್ರೆ ನೋಡು, ಎರಡು ಕಡೆ ಸ್ಕ್ರೂ ಹಾಕಿ ಪೆಟ್ಟಿಗೆಗೆ ಕಟ್ಟವ್ರೆ. ಪಟ್ಟದ ಆವನ್ನ ಯಾರಾದ್ರೂ ಗೂಟಕ್ಕೆ ಕಟ್ತಾರಾ? ಈ ತೆಳ್ಳಂದು ಕಟ್ಟದೆ ಬಿಟ್ಟಿರೋದು. ಅದಕ್ಕೇ ಡಬ್ಬದ ಮೇಲೂ ಬಿಟ್ಟು ಅಂತ ಬರ್ದವ್ರೆ.”

ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ನಗು ಎದ್ದಿತು. ಆದರೆ ಅಕ್ಕ ನಗು ನಿಲ್ಲಿಸಿ ಯೋಚಿಸಿದರು. ಎರಡರ ನಡುವೆ ಗೌಡರ ಎಣಿಕೆಯಲ್ಲಿ ಇಪ್ಪತ್ತರ ವ್ಯತ್ಯಾಸವೂ ಇಲ್ಲ. ಸ್ಕಸಿ ಬೇಕಾದರೆ ಕಾರ್ಡು ಇರುವ ಪೆಟ್ಟಿಗೆಯೇ ಬೇಕು. ಯುಎಸ್‌ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಆ ತೂತು ಇರುವ ಯಾವ ಕಂಪ್ಯೂಟರಿಗಾದರೂ ಸಿಕ್ಕಿಸಬಹುದು. ಅತ್ತೆ ತಮಾಷೆಗೆ ಹೇಳಿದ್ದು ತಮಾಷೆಯಾಗಿ ಉಳಿಯಲಿಲ್ಲ. ಅವರು ಯುಎಸ್‌ಬಿ ಇಟ್ಟುಕೊಂಡರು.

ಗೌಡರು ಚೀಲದಿಂದ ಮಂದೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು. “ಮಾಡು. ಆದ್ರೆ ಬಸ್ಸು ತಪ್ಪಿದ್ರೆ ಇದೇ ಮೊದಲು, ಇದೇ ಕೊನೆ.”

ಪೋಸ್ಟರು ಕಳಿಸುವ ದಿನ ಎಲ್ಲವೂ ಸರಿಯಾಗಿತ್ತು. ಫೈಲು ಡಿಸ್ಕಿನಲ್ಲಿ ತುಂಬಿತ್ತು. ಮಾರನೇ ಬೆಳಿಗ್ಗೆ ದಿಂಡಿಗಲ್‌ನಲ್ಲಿ ಅಚ್ಚು ಶುರುವಾಗಬೇಕು. ಆದ್ದರಿಂದ ಆ ಮಧ್ಯಾಹ್ನದ ಬಸ್ಸಿಗೇ ಡಿಸ್ಕು ಹೋಗಬೇಕು. ಅಕ್ಕ ಡಿಸ್ಕನ್ನು ಕವರಿಗೆ ಹಾಕುವ ಹೊತ್ತಿಗೆ ಬೀದಿಯ ಕರೆಂಟು ಹೋಯಿತು. ಹೋದರೆ ಹೋಗಲಿ ಎಂದು ಚಪ್ಪಲಿ ಮೆಟ್ಟುವಾಗ ಗೌಡರು ಓಡಿಬಂದರು. ಬೆವರು ಸುರಿಯುತ್ತಿತ್ತು.

“ಗುಂಡಿ, ಮೋಸ ಹೋದೆ! ನನ್ನ ಮಚ್ಚಾನ್, ಹೆಂಡ್ರ ಅಣ್ಣನ ಹೆಸರು ಬಿಟ್ಟೋಗೈತೆ!”

“ಮಾವ, ಎಷ್ಟು ಸಲ ಕೇಳ್ದೆ, ಎಲ್ಲಾ ಹೆಸರೂ ಬಂತಾ ಅಂತ?”

“ಬಂತು ಅಂದೆ. ಈಗ ಇಲ್ಲೆ ಅಂತೀನಿ. ಆ ಹೆಸರು ಇಲ್ದೆ ಪೋಸ್ಟರು ಅಂಟಿದ್ರೆ ನನ್ನ ಹೆಂಡ್ರು ನನಗೆ ಒಂದು ತುತ್ತು ಸೋರೂ ಹಾಕಲ್ಲ.”

ಕಂಪ್ಯೂಟರು ಸತ್ತು ಕೂತಿತ್ತು. ಬಸ್ ನಿಲ್ದಾಣದಿಂದ ದಿಂಡಿಗಲ್ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಡಿಸ್ಕಿನ ಕವರನ್ನು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಡ್ರೈವು, ಅದರ ವೈರು, ಬೇರೆ ಕಂಪ್ಯೂಟರಿಗೆ ಅದರ ಗುರುತು ಹೇಳಿಕೊಡುವ ಫ್ಲಾಪಿ ಮೂರನ್ನೂ ಸೆರಗಿನಲ್ಲಿ ಸುತ್ತಿಕೊಂಡರು.

“ಅತ್ತೆ, ಕಂಡಕ್ಟರ್ ಮುತ್ತುಕುಮಾರನ್ನ ಹಿಡಿದುಕೊಂಡಿರಿ!”

ನಿಲ್ದಾಣದ ಆಚೆ ಬದಿಯ, ಡಿಟಿಪಿ ಕಲಿಸುವ ಕಂಪ್ಯೂಟರ್ ತರಗತಿಗೆ ಬೇರೆ ಲೈನಿನ ಕರೆಂಟು. ಅಲ್ಲಿನ ಹೊಸ ಕಂಪ್ಯೂಟರಿನ ಹಿಂದೆ ಯುಎಸ್‌ಬಿ ತೂತು ಇತ್ತು. ಯಾರೂ ಬಳಸದೆ ಧೂಳು ತುಂಬಿತ್ತು. ಅಕ್ಕ ಊದಿ ವೈರು ಸಿಕ್ಕಿಸಿದರು. ಫ್ಲಾಪಿ ಹಾಕಿದರು. ಡ್ರೈವಿನ ಹಸಿರು ದೀಪ ಹತ್ತಿತು. ಫೈಲು ತೆರೆಯುತ್ತಾ ಇರುವಾಗ ಗೌಡರು ಅಭ್ಯಾಸಬಲದಿಂದ “ಲಾಭ, ಎರಡು” ಎಂದು ಶುರು ಮಾಡಿದರು.

“ಎಣಿಸ್ಬೇಡಿ ಮಾವ. ಹೆಸರು ಹೇಳಿ.”

ಹೆಸರು ಸೇರಿತು. ಗೌಡರು ಪರದೆಯ ಮೇಲೆ ಬೆರಳಿಟ್ಟು ಓದಿ ತಲೆಯಾಡಿಸಿದರು. ಫೈಲು ಮತ್ತೆ ಡಿಸ್ಕಿಗೆ ತುಂಬತೊಡಗಿತು.

ಬಸ್ಸಿನ ಬಳಿ ಮೂಕಮ್ಮಾಳ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. “ಪಾಟ್ಟಿ, ಏರ್ತೀರಾ ಇಳೀತೀರಾ?” ಎಂದು ಮುತ್ತುಕುಮಾರ್ ಕೇಳಿದರೆ, “ಮಂಡಿ ಹಿಡ್ಕೊಂಡೈತೆ ನನ್ನ ಕಣ್ಣೇ, ಕೊಂಜ ಇರು” ಎನ್ನುತ್ತಿದ್ದರು. ಡ್ರೈವರು ಎರಡನೇ ಹಾರನ್ ಒತ್ತಿದರು. ಅಕ್ಕ ಓಡಿಬಂದು ಕವರನ್ನು ಮುತ್ತುಕುಮಾರ್ ಕೈಗೆ ಕೊಟ್ಟರು. ಮೂಕಮ್ಮಾಳ್ ಮಂಡಿ ಅಲ್ಲಿಯೇ ವಾಸಿಯಾಗಿ ಕಾಲು ಕೆಳಗಿಳಿಯಿತು. ಬಸ್ಸು ಹೊರಟಿತು. ಅಯ್ಯಾವು ಗೌಡರು ಟವೆಲ್ ಎತ್ತಿ ಬಸ್ಸಿಗೆ ಟಾಟಾ ಮಾಡಿದರು.

ಪೋಸ್ಟರು ಕಂಬಂನಿಂದ ಕೊಂಬೈವರೆಗೆ ಗೋಡೆ ಗೋಡೆಗೂ ಅಂಟಿತು. ಮಚ್ಚಾನ್ ಹೆಸರು ಮೂರನೆಯದಾಗಿ ಇತ್ತು. ಕಬ್ಬು ಇಟ್ಟ ದಿನ ಬಿಳಿ ಹೋರಿಯೊಂದು ಮೊದಲು ಬಾಯಿ ಹಾಕಿ ಪಟ್ಟ ಪಡೆಯಿತು. ಮಾರನೇ ದಿನ ಗೌಡರು ಅಂಗಡಿಗೆ ಬಂದರು. ಪಟ್ಟದ ಆವಿನ ಪೂಜೆಗೆ ಇನ್ನೊಂದು ಕೆಲಸ ಬೇಕು ಎಂದರು.

“ಪೋಸ್ಟರಾ ಮಾವ?”

“ಬ್ಯಾಡ. ಬಿಟ್ ಸಾಕು” ಎಂದು ಹೇಳಿ, ತಾವೇ ಮೇಜಿನ ಮೇಲಿಂದ ಒಂದು ಹಾಳೆ ತೆಗೆದು ಮೂರು ಸಲ ಮಡಿಸಿ ಕೊಟ್ಟರು.

ಮೂಕಮ್ಮಾಳ್ ಡ್ರೈವಿನ ನೆತ್ತಿಗೆ ಕುಂಕುಮ ಇಟ್ಟಿದ್ದಾರೆ. ಅಕ್ಕ ಅದನ್ನು ಒರೆಸಿಲ್ಲ.