ಷಡ್ಡಕನ ಎದೆಯಳತೆ

ಷಡ್ಡಕನ ಎದೆಯ ಸುತ್ತ ಟೇಪು ಹಿಡಿದಿದ್ದ ದರ್ಜಿ ಅಂಕಿಯನ್ನು ಓದಿದ, ಕನ್ನಡಕ ಒರೆಸಿಕೊಂಡ, ಮತ್ತೊಮ್ಮೆ ಓದಿದ. ಕಳೆದ ಸಲ ಅಂಗಿ ಹೊಲಿದಾಗ ಇದ್ದುದಕ್ಕಿಂತ ಎರಡು ಇಂಚು ಹೆಚ್ಚು. ಸೊಂಟವಾದರೋ ಒಳಗೆ ಸರಿದಿತ್ತು.

"ಉಸಿರು ಬಿಡಪ್ಪ."

"ಬಿಟ್ಟೇ ಇದೀನಿ ಅಣ್ಣ."

"ಪೂರ್ತಿ ಬಿಡು. ಇಲ್ಲೇನು ಯಾರೂ ಗಂಡು ನೋಡೋಕೆ ಬಂದಿಲ್ಲ."

"ಇನ್ನೂ ಬಿಟ್ರೆ ನೀವೇ ನನ್ನನ್ನ ಹೊತ್ಕೊಂಡು ಹೋಗ್ಬೇಕಾಗತ್ತೆ."

ಇಬ್ಬರ ಹೆಂಡತಿಯರೂ ಅಕ್ಕತಂಗಿಯರು. ದರ್ಜಿ ಹಿರಿಯ ಅಳಿಯ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಷಡ್ಡಕ ಕಿರಿಯ. ಅತ್ತೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಮನೆಮಂದಿಯ ದೊಡ್ಡ ಫೋಟೋ ತೆಗೆಸುವುದೆಂದೂ, ಅಳಿಯಂದಿರಿಬ್ಬರೂ ಒಂದೇ ಥಾನಿನ ಬಟ್ಟೆಯ ಕೋಟು ತೊಟ್ಟು ಅವರ ಕುರ್ಚಿಯ ಹಿಂದೆ ನಿಲ್ಲುವುದೆಂದೂ ಹೆಣ್ಣುಮಕ್ಕಳು ತೀರ್ಮಾನಿಸಿದ್ದರು. ಈವರೆಗಿನ ಎಲ್ಲ ಫೋಟೋಗಳಲ್ಲೂ ದರ್ಜಿಯದೇ ಅಗಲವಾದ ಎದೆ. ಷಡ್ಡಕ ಅವನ ಪಕ್ಕದಲ್ಲಿ ಛತ್ರಿಯ ಕೋಲಿನಂತೆ ನಿಂತಿರುತ್ತಿದ್ದ. ಹೊಲಿಗೆಯಂತ್ರದ ಮೇಲೆ ಬಾಗಿಬಾಗಿ ದರ್ಜಿಯ ಭುಜಗಳು ಮುಂದಕ್ಕೆ ಜೋತಿದ್ದವು, ಹೊಟ್ಟೆ ಸೊಂಟಪಟ್ಟಿಯ ಮಾತು ಕೇಳುತ್ತಿರಲಿಲ್ಲ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪಕ್ಕದಲ್ಲಿ ಛತ್ರಿಯ ಕೋಲಿರುವವರೆಗೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಈ ಸಲ ಕಾಣಲಿತ್ತು. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಹೆಂಡತಿ ಸೊಪ್ಪು ಬಿಡಿಸುತ್ತ, "ನನ್ನ ತಂಗಿ ಗಂಡನ ಭುಜ ನೋಡಿದ್ರಾ? ಬಾಗಿಲಿಗೆ ಚೌಕಟ್ಟು ಕೂಡಿಸಿದ ಹಾಗಿದೆ" ಅಂದಿದ್ದಳು.

"ಏನು ಮಷೀನು ತಗೊಂಡೆ?" ಎಂದು ಟೇಪು ಸುತ್ತುತ್ತ ಕೇಳಿದ.

"ಮಷೀನೇನಿಲ್ಲ. ಒಂದು ಜೊತೆ ಡಂಬೆಲ್ಲು, ರಬ್ಬರ್ ಪಟ್ಟಿ, ಒಂದು ಚಾಪೆ, ಒಂದು ಬೆಂಚು. ಅಷ್ಟೇ."

ದರ್ಜಿ ಇದನ್ನು ನಂಬಲಿಲ್ಲ. ಗುಂಡಿಯ ಬಣ್ಣ ಕೇಳುವ ನೆಪ ಮಾಡಿಕೊಂಡು ಮರುದಿನವೇ ಷಡ್ಡಕನ ಮನೆಗೆ ಹೋದ. ಹಿಂಬದಿಯ ಕೋಣೆಯಲ್ಲಿ ಹೇಳಿದಷ್ಟೇ ಇದ್ದವು: ನೆಲಕ್ಕೆ ಸ್ಪಂಜಿನ ಚಾಪೆ, ಗೋಡೆಗೊತ್ತಿದ ಬೆಂಚು, ಬಾಗಿಲ ಹಿಡಿಗೆ ಸಿಕ್ಕಿಸಿದ ರಬ್ಬರ್ ಪಟ್ಟಿ, ಕಬ್ಬಿಣದ ಬಿಲ್ಲೆ ಪೋಣಿಸುವ ಎರಡು ಗಿಡ್ಡ ಸರಳುಗಳು. ಮೂಲೆಯಲ್ಲಿ ಪರದೆಯ ಹಿಂದೆ ಏನೋ ಉಬ್ಬಿಕೊಂಡಿತ್ತು. ದರ್ಜಿ ಮೆಲ್ಲಗೆ ಪರದೆ ಸರಿಸಿದ.

"ಅದು ಇಸ್ತ್ರಿ ಮೇಜು ಭಾವ," ಎಂದಳು ಹಿಂದೆಯೇ ಬಂದು ನಿಂತಿದ್ದ ನಾದಿನಿ. "ಅದ್ರಿಂದ ಮೈ ಬೆಳೆಯೋ ಹಾಗಿದ್ರೆ ಇಷ್ಟೊತ್ತಿಗೆ ನಾನು ಪೈಲ್ವಾನ್ ಆಗಿರ್ತಿದ್ದೆ."

ಷಡ್ಡಕ ನಕ್ಕು ವಿವರಿಸಿದ. "ಸಲೀಸಾಗಿ ಎತ್ತೋಕೆ ಬಂತು ಅಂದ್ರೆ ಇನ್ನೊಂದು ಬಿಲ್ಲೆ ಸೇರಿಸ್ಬೇಕು ಅಣ್ಣ, ಬೇರೆ ಗುಟ್ಟಿಲ್ಲ. ಓಡೋ ಮಷೀನು ತಂದಿದ್ರೆ ಈ ರೂಮಲ್ಲಿ ಅದಿರ್ತಿತ್ತು, ನಾನು ಹೊರಗಿರ್ತಿದ್ದೆ."

ಇಷ್ಟು ಸರಳವಾದ ಕಾರಣದಿಂದ ಅಷ್ಟು ದೊಡ್ಡ ಪರಿಣಾಮ ಆಗಲಾರದು ಎಂದು ದರ್ಜಿ ದಾರಿಯುದ್ದಕ್ಕೂ ತರ್ಕಿಸಿದ. ಸಂದೇಹ ಒಳ್ಳೆಯ ಗುಣವೇ. ಆದರೆ ಅವನ ಸಂದೇಹ ಒಂದೇ ಕಡೆಗೆ ಹರಿಯಿತು. ಷಡ್ಡಕನ ಎದೆಯ ಬಗ್ಗೆ ಹುಟ್ಟಿದ ಅನುಮಾನ ತನ್ನ ತರ್ಕದ ಬಗ್ಗೆ ಹುಟ್ಟಲೇ ಇಲ್ಲ.

ಕಸುಬಿನಲ್ಲೂ ಅದಕ್ಕೊಂದು ಆಧಾರ ಸಿಕ್ಕಿತು. ದರ್ಜಿಯ ಕನ್ನಡಿಯ ಮುಂದೆ ನಿಂತ ಗಂಡಸು ತನಗೇ ತಿಳಿಯದಂತೆ ಎದೆಯುಬ್ಬಿಸುತ್ತಾನೆ. ಅನುಭವಸ್ಥನಾದ ದರ್ಜಿ ಏನೂ ಅನ್ನದೆ ಅಳತೆಯಲ್ಲಿ ಒಂದಿಷ್ಟು ಕಳೆದು ಕತ್ತರಿಸುತ್ತಾನೆ. ಹಾಗೆ ಕಳೆದದ್ದಕ್ಕಾಗಿ ಒಬ್ಬ ಗಿರಾಕಿಯೂ ಈವರೆಗೆ ದೂರಿರಲಿಲ್ಲ. ಈ ಸಲ ದರ್ಜಿ ಎಲ್ಲರಿಗೂ ಕಳೆಯುವಷ್ಟನ್ನು ಕಳೆದ. ಬಾಗಿಲ ಚೌಕಟ್ಟಿನ ಮಾತು ನೆನಪಾಯಿತು, ಇನ್ನೊಂದಿಷ್ಟು ಕಳೆದ. ಮುಂದೆಂದಾದರೂ ಬಿಚ್ಚಿ ಹಿಗ್ಗಿಸಲೆಂದು ಹೊಲಿಗೆಯೊಳಗೆ ಮಡಚಿಡುವ ಹೆಚ್ಚುವರಿ ಬಟ್ಟೆಯನ್ನೂ, ಅಂದ ಕೆಡುತ್ತದೆಂಬ ಸಮಜಾಯಿಷಿ ಕೊಟ್ಟುಕೊಂಡು, ಕತ್ತರಿಸಿ ಎಸೆದ.

ತೊಟ್ಟು ನೋಡಲು ಷಡ್ಡಕ ಬಂದ ದಿನ ಕೋಟಿನ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳಿನ ಜಾಗ ಉಳಿಯಿತು.

"ನಿಮ್ಮ ತಪ್ಪಲ್ಲ ಅಣ್ಣ," ಎಂದ ಷಡ್ಡಕ, ನಾಚಿದವನಂತೆ. "ಅಳತೆ ಕೊಟ್ಟ ಮೇಲೆ ಇನ್ನೂ ಬೆಳೆದಿರ್ಬೇಕು ನಾನು. ಇರ್ಲಿ, ಗುಂಡಿ ಹಾಕದೇ ನಿಂತ್ಕೊತೀನಿ."

ಎದೆಯ ಜೊತೆಗೆ ದೊಡ್ಡತನವನ್ನೂ ಅವನೇ ಹೊಡೆದುಕೊಂಡುಬಿಟ್ಟನಲ್ಲ ಎಂದು ದರ್ಜಿಗೆ ಮೈಯೆಲ್ಲ ಉರಿಯಿತು. ಗುಂಡಿ ಹಾಕದ ಕೋಟು ಆ ಫೋಟೋದಲ್ಲಿ ಗೋಡೆಯ ಮೇಲೆ ತೂಗಿದಷ್ಟು ಕಾಲವೂ ನೋಡಿದವರು ಕೇಳುವುದು ಒಂದೇ ಮಾತು: ಹೊಲಿದವರ್ಯಾರು? ಬಿಚ್ಚಿ ಹಿಗ್ಗಿಸೋಣವೆಂದರೆ ಒಳಗೆ ಬಟ್ಟೆಯಿಲ್ಲ. ಬಟ್ಟೆಯಂಗಡಿಯಲ್ಲಿ ಆ ಥಾನು ಮುಗಿದುಹೋಗಿತ್ತು. ಇದ್ದದ್ದು ಮೇಜಿನ ಮೇಲೆ ಇನ್ನೂ ಕತ್ತರಿ ತಾಗದೆ ಬಿದ್ದಿದ್ದ ತನ್ನ ಪಾಲು ಮಾತ್ರ. ದರ್ಜಿ ಅದರ ಮೇಲೆ ಸೀಮೆಸುಣ್ಣದಲ್ಲಿ ಷಡ್ಡಕನ ಅಳತೆಯನ್ನೇ ಎಳೆದ. ಈ ಸಲ ಏನನ್ನೂ ಕಳೆಯಲಿಲ್ಲ.

"ಅದು ನಿಮ್ಮದಲ್ವಾ?" ಎಂದಳು ಹೆಂಡತಿ.

"ನಂಗೆ ಹಳೇ ಕೋಟೇ ಸಾಕು."

"ಅದ್ರಲ್ಲಿ ನೀವು ಉಸಿರಾಡೋದು ಹೇಗೆ?"

"ಫೋಟೋ ತೆಗೆಯೋವಾಗ ಉಸಿರು ಯಾಕೆ?"

ಫೋಟೋ ಬಂತು. ಹೊಸ ಕೋಟು ಷಡ್ಡಕನ ಮೈಗೆ ಎರಕ ಹೊಯ್ದಂತೆ ಕೂತಿತ್ತು. ಫೋಟೋ ಕೈಗೆ ಸಿಕ್ಕಿದವರೆಲ್ಲ ಕೋಟನ್ನೇ ಹೊಗಳಿದರು, ಆದರೆ ಹೊಗಳುತ್ತ ನೋಡಿದ್ದು ಕೋಟಿನೊಳಗಿದ್ದವನನ್ನು.

ಮುಂದಿನ ವಾರ ದರ್ಜಿ, ಬಾಯಿಗೆ ಕಹಿಯಾದರೂ, ಷಡ್ಡಕನನ್ನೇ ಕರೆದುಕೊಂಡು ವ್ಯಾಯಾಮದ ಸಾಮಾನಿನ ಅಂಗಡಿಗೆ ಹೋದ. ಅವನ ಕಣ್ಣು ರಾಟೆ, ಹಗ್ಗ, ಸಿಂಹಾಸನದಂಥ ಆಸನವಿದ್ದ ದೊಡ್ಡ ಯಂತ್ರಕ್ಕೆ ಅಂಟಿಕೊಂಡಿತು.

"ಅದು ಬೇಡ ಅಣ್ಣ," ಎಂದ ಷಡ್ಡಕ. "ಆಮೇಲೆ ಅತ್ತಿಗೆ ಅದ್ರ ಮೇಲೆ ಬಟ್ಟೆ ಒಣಗಿಸ್ತಾರೆ. ಜಾರದ ಚಾಪೆ ತಗೊಳ್ಳಿ, ಪಟ್ಟಿ ತಗೊಳ್ಳಿ. ಡಂಬೆಲ್ಲು ಬಿಲ್ಲೆ ಬದಲಾಯಿಸೋ ಥರದ್ದು. ಶುರುವಿಗೆ ಈ ಸಣ್ಣ ಬಿಲ್ಲೆಗಳೇ ಸಾಕು."

ಸಣ್ಣ ಎಂಬ ಮಾತು ದರ್ಜಿಗೆ ಚುಚ್ಚಿತು. ಷಡ್ಡಕ ಚಾಪೆಗಳನ್ನು ಒತ್ತಿ ನೋಡುತ್ತಿದ್ದಾಗ, ಅವನ ಕೋಣೆಯಲ್ಲಿದ್ದವಕ್ಕಿಂತ ದಪ್ಪನೆಯ ಬಿಲ್ಲೆಗಳನ್ನು ಆರಿಸಿ ಪೆಟ್ಟಿಗೆಗೆ ಹಾಕಿಸಿ ಮುಚ್ಚಿಸಿದ. ಪೆಟ್ಟಿಗೆಯ ಹಿಡಿ ಹಿಡಿದು ಎಳೆದ. ಅದು ಅಲುಗಲಿಲ್ಲ. ಬಾಗಿ, ಮಂಡಿಯೂರಿ, ಮತ್ತೊಮ್ಮೆ ಎಳೆದ.

"ಕೊಡಿ ಇಲ್ಲಿ," ಎಂದು ಷಡ್ಡಕ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಟ. ಪೆಟ್ಟಿಗೆಯೊಳಗಿನ ತೂಕದ ವಿಷಯ ಅವನಿಗೆ ಖಂಡಿತ ತಿಳಿದಿರಬೇಕು. ಆದರೆ ಮಕ್ಕಳ ಪರೀಕ್ಷೆಯ ಬಗ್ಗೆ ಮಾತಾಡುತ್ತ ನಡೆದ. ದರ್ಜಿ ಚಾಪೆಯ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಷಡ್ಡಕನ ಮೈಮೇಲೆ ಆ ವಾರ ದರ್ಜಿಯೇ ಹೊಲಿದುಕೊಟ್ಟ ಅಂಗಿಯಿತ್ತು. ಅದರ ಬೆನ್ನಿನಲ್ಲಿ ಒಂದಾದರೂ ಸುಕ್ಕು ಸಿಕ್ಕೀತೇ ಎಂದು ದರ್ಜಿ ರಸ್ತೆಯ ತಿರುವಿನವರೆಗೂ ಹುಡುಕಿದ. ಒಂದೂ ಸಿಗಲಿಲ್ಲ.