ಅಧ್ಯಕ್ಷರ ಮೂಗು
ಆಳಂದದ ವೈನ್ ರಸಿಕರ ಸಂಘಕ್ಕೆ ತಾನು ಅಧ್ಯಕ್ಷನೆಂಬುದೇ ನರಸಿಂಹರಾಯರಿಗೆ ನಗು. ಸೋಮವಾರ ಶಿವನಿಗೆ, ಗುರುವಾರ ದತ್ತನಿಗೆ, ಶನಿವಾರ ಹನುಮಪ್ಪನಿಗೆ ಬಿಟ್ಟು, ಭಾನುವಾರ ಅವರ ಪಡಸಾಲೆಯಲ್ಲಿ ಸಂಘ ಸೇರುತ್ತದೆ. ಹಾದಿಹೋಕರು ಚಹಾ ಎಂದುಕೊಳ್ಳಲೆಂದು ವೈನು ಸ್ಟೀಲ್ ಲೋಟದಲ್ಲೇ ಬರುತ್ತದೆ. "ಅವಸರ ಮಾಡಬ್ಯಾಡ್ರಿ, ಮೊದಲ ಮೂಸ್ರಿ" ಎಂದು ಗದರಿ, ಲೋಟಕ್ಕೆ ಮೂಗಿಳಿಸಿ, ಕಣ್ಣು ಮುಚ್ಚಿ, "ಬಾರಿಹಣ್ಣು, ಹುರಿದ ಶೇಂಗಾ" ಎಂದು ರಾಯರು ಸಾರಿದರೆ ಜೇವರ್ಗಿಯಿಂದ ಬಂದವರೂ ತಲೆದೂಗುತ್ತಾರೆ. ನಿಜವೆಂದರೆ, ಮೂರು ವರ್ಷದ ಹಿಂದೆ ಬಂದ ಜ್ವರದಿಂದೀಚೆಗೆ ಆ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ಒಳಗೆ ಬಾಟಲಿ ಮೂಸಿ, "ಇವತ್ತ ಬಾರಿಹಣ್ಣ ಅನ್ರಿ" ಎಂದು ಹೇಳಿಕೊಡುವವರು, ಹನಿಯನ್ನೂ ಮುಟ್ಟದ ಹೆಂಡತಿ ವತ್ಸಲಾಬಾಯಿ. ಮೂವತ್ತು ವರ್ಷ ಆಕೆಯ ಅಡುಗೆಯ ಘಮಕ್ಕೆ ಒಂದು ಒಳ್ಳೆಯ ಮಾತನ್ನೂ ಆಡದ ರಾಯರು, ಈಗ ಪುಂಡಿಪಲ್ಯದ ತಾಟಿನ ಮುಂದೆ ಕೂತು ಮೆಲ್ಲಗೆ ಕೇಳುತ್ತಾರೆ: "ಇದರ ವಾಸನಿ ಹ್ಯಾಂಗ ಅದ, ಸ್ವಲ್ಪ ಹೇಳು."