ಒಂದೇ ಸಂಜೆಯಲ್ಲಿ ಹಾಲೆಂಡ್ ಎತ್ತಿದ್ದು

ಕಳೆದ ವಾರ ನಾನು ಅರ್ಧ ದೇಶವನ್ನು ಸಮುದ್ರದಿಂದ ಮೇಲೆತ್ತಿದೆ. ಕ್ರೇನ್ ಇಲ್ಲ, ಕೂಲಿಯವರಿಲ್ಲ. ಕಂಪ್ಯೂಟರಿನ ಒಂದು ಬಟನ್ ಸಾಕಾಯಿತು.

ದೇಶ ಹಾಲೆಂಡ್. ನಾನು ಸರ್ವೇಯರ್ ಎಂಬುದು ನಿಮಗೆ ಗೊತ್ತೇ ಇದೆ. (ಹೊಸಬರಿಗೆ: ಬಾಗಲಕೋಟೆಯವನು, ಹದಿನಾಲ್ಕು ವರ್ಷದಿಂದ ಕುವೈತಿನ ಅಬ್ಬಾಸಿಯಾದಲ್ಲಿ ಎರಡು ರೂಮಿನ ಫ್ಲ್ಯಾಟು.) ನೆಲದ ಎತ್ತರ ಅಳೆಯುವುದೇ ನನ್ನ ಅನ್ನ. ಈಗ ನಮ್ಮ ಕಂಪನಿ ಒಬ್ಬ ಸರ್ವೇಯರನ್ನು ಐದು ವರ್ಷಕ್ಕೆ ಹಾಲೆಂಡಿಗೆ ಕಳಿಸುತ್ತಿದೆ, ಫ್ಯಾಮಿಲಿ ಸಮೇತ. ಮೊದಲ ಹೆಸರು ನನ್ನದು! ಹೋಗುತ್ತೀಯೋ ಇಲ್ಲವೋ ಬುಧವಾರದೊಳಗೆ ಹೇಳು ಎಂದರು ನಮ್ಮ ಲೆಬನಾನಿ ಮ್ಯಾನೇಜರು. ಜೊತೆಗೆ ಅಲ್ಲಿನ ಊರುಗಳ ಎತ್ತರದ ಪಟ್ಟಿ ಕೊಟ್ಟು, ಟೈಪ್ ಮಾಡು ಎಂದರು.

ಫ್ಯಾಕ್ಸಿನಲ್ಲಿ ಬಂದ ಪಟ್ಟಿ. ದಕ್ಷಿಣದ ಮೂಲೆಯಲ್ಲಿ ಮುನ್ನೂರಿಪ್ಪತ್ತೆರಡು ಮೀಟರಿನ ಗುಡ್ಡವೊಂದಿದೆ, ಅದನ್ನು ಅವರು ಪರ್ವತ ಎನ್ನುತ್ತಾರಂತೆ. (ನಮ್ಮ ಬಾಗಲಕೋಟೆಯ ಬಸ್‌ಸ್ಟ್ಯಾಂಡೇ ಅದಕ್ಕಿಂತ ಎತ್ತರದಲ್ಲಿದೆ.) ಪೂರ್ವದ ಊರುಗಳೂ ಸರಿಯಾಗಿದ್ದವು. ಪಶ್ಚಿಮಕ್ಕೆ ಬಂದರೆ ಅಂಕಿಗಳ ಹಿಂದೆ ಸಣ್ಣ ಸಣ್ಣ ಗೆರೆ. ವಿಮಾನ ನಿಲ್ದಾಣ, ಗೆರೆ, ಮೂರು. ರಾಟರ್‌ಡ್ಯಾಮ್ ಪಕ್ಕದ ಬಯಲು, ಗೆರೆ, ಆರು.

ಮೈನಸ್ಸೇ? ಛೆ, ಎಲ್ಲಿಯ ಮಾತು! ನಮ್ಮ ಕಸುಬಿನಲ್ಲಿ ಮೈನಸ್ ಎಂದರೆ ಬೇಸ್‌ಮೆಂಟಿಗೆ ಅಗೆದ ಗುಂಡಿ. ಇಲ್ಲೇ ಕುವೈತಿನ ರುಮೈಥಿಯಾದಲ್ಲಿ ಮೂರು ಮೀಟರ್ ಅಗೆದರೆ ನೀರು ಉಕ್ಕುತ್ತದೆ. ಹಗಲೂ ರಾತ್ರಿ ಪಂಪ್ ಓಡಬೇಕು. ಅಂಥ ಗುಂಡಿಯಲ್ಲಿ ಯಾರಾದರೂ ವಿಮಾನ ಇಳಿಸುತ್ತಾರೆಯೇ? ಫ್ಯಾಕ್ಸಿನ ಕಸ ಎಂದುಕೊಂಡು ಎಲ್ಲ ಗೆರೆಗಳನ್ನೂ ಅಳಿಸಿ ಕೊಟ್ಟೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮ್ಯಾನೇಜರು ತಲೆ ಹಿಡಿದುಕೊಂಡು ಕುಳಿತರು.

"ಹಬೀಬಿ, ಅದು ಮೈನಸ್ಸೇ! ಸಮುದ್ರಕ್ಕಿಂತ ಆರು ಮೀಟರ್ ಕೆಳಗೆ."

"ಅಲ್ಲಿ ಜನ ಇದ್ದಾರಾ ಸಾರ್?"

"ಲಕ್ಷಗಟ್ಟಲೆ. ನೀನು ಹೋಗಬೇಕಾದ ಊರೂ ಅದೇ. ಯಲ್ಲಾ, ಮತ್ತೆ ಟೈಪ್ ಮಾಡು."

ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ ಮಹಾದೇವಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಅಂದ್ರ ಸಮುದ್ರ ನಮ್ಮ ತಲಿ ಮ್ಯಾಲಿರ್ತದೇನ್ರಿ?"

"ಡ್ಯಾಡಿ, ಇಟ್ಸ್ ಕಾಲ್ಡ್ ಎ ಪೋಲ್ಡರ್," ಎಂದಳು ಇಲ್ಲೇ ಹುಟ್ಟಿದ ಮಗಳು, ಪುಸ್ತಕದಿಂದ ತಲೆ ಎತ್ತದೆ. "ದೇ ಪಂಪ್ ದ ವಾಟರ್ ಔಟ್."

"ಪಂಪ್ ಬಂದ್ ಬಿತ್ತಂದ್ರ?" ಎಂದಳು ಮಹಾದೇವಿ. "ನಾ ಒಲ್ಲೆ. ಬೇಕಾದ್ರ ನೀವೊಬ್ಬರ ಹೋಗ್ರಿ."

ಒಬ್ಬನೇ ಹೋಗಿ ಏನು ಮಾಡಲಿ? ಐದು ವರ್ಷ ಇವರನ್ನು ಬಿಟ್ಟಿರಲು ನನ್ನಿಂದ ಆಗದು. ಇಂಥ ಅವಕಾಶ ಬಿಡಲೂ ಆಗದು. ಎರಡು ದಿನ ಹೋಗೋಣ, ಬೇಡ, ಹೋಗೋಣ ಎಂದು ನನ್ನೊಳಗೇ ಜಗಳ. ಕೊನೆಗೆ ಆಫೀಸಿನಿಂದ ಒಂದು ಬ್ರೋಷರ್ ತಂದು ಅವಳ ಮುಂದಿಟ್ಟೆ. ಅದೇ ಮೈನಸ್ ಆರರ ಊರು. ಇಟ್ಟಿಗೆಯ ಮನೆ, ಹಿಂದೆ ಪೇರ್ ಹಣ್ಣಿನ ತೋಟ.

ಅವಳು ಬಹಳ ಹೊತ್ತು ನೋಡಿದಳು. "ಈ ಗಿಡ ಎಷ್ಟು ವರ್ಷದ್ದಿರಬೇಕ್ರಿ?"

"ಮೂವತ್ತೋ ನಲವತ್ತೋ."

"ಅಂದ್ರ ಮುಳುಗತೈತಿ ಅನ್ಕೊಂಡು ಹಚ್ಚಿದ್ದಲ್ಲ," ಎಂದು ಕಪಾಟಿನ ಮೇಲೆ ಕಣ್ಣು ಹಾಯಿಸಿದಳು.

ಅಲ್ಲಿ ನಮ್ಮ ಟಿವಿಯ ಖಾಲಿ ಕಾರ್ಟನ್ ಇದೆ. ಮಿಕ್ಸರಿನದೂ ಇದೆ, ಇಸ್ತ್ರಿಪೆಟ್ಟಿಗೆಯದೂ ಇದೆ. ಇಲ್ಲಿ ಯಾರೂ ಕಾರ್ಟನ್ ಎಸೆಯುವುದಿಲ್ಲ. ಇಲ್ಲಿರಲು ಕೊಡುವ ಪರವಾನಗಿ, ಇಕಾಮಾ, ರಿನ್ಯೂ ಆಗದಿದ್ದರೆ ಸಾಮಾನು ತುಂಬಿಕೊಂಡು ಊರಿಗೆ ಹೊರಡಬೇಕಲ್ಲ? ಟಿವಿ ಬದಲಾದಾಗ ಹಳೇ ಕಾರ್ಟನ್ನಿನ ಜಾಗಕ್ಕೆ ಹೊಸದು ಏರಿತು, ಅಷ್ಟೇ.

ಮಹಾದೇವಿ ಇನ್ನೂ ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ನಾಳೆ ಬುಧವಾರ. ಮೈನಸ್ ಆರರಲ್ಲಿ ಅವರು ಹಣ್ಣಿನ ಗಿಡ ನೆಟ್ಟಿದ್ದಾರೆ. ಸಮುದ್ರಕ್ಕಿಂತ ಇಷ್ಟು ಮೇಲಿದ್ದೂ ಹದಿನಾಲ್ಕು ವರ್ಷ ಖಾಲಿ ಡಬ್ಬ ಕಾದುಕೊಂಡು ಕೂತ ನಾವು ಯಾವ ನೀರಿಗೆ ಹೆದರಿದ್ದೆವು?